ಅಪ್ಪನ ಬ್ಯಾಂಕಿನ ಮಿಷನ್ನು

೨೦೦೫ರಲ್ಲಿ, ಸರಸ್ವತಿಪುರಂನ ಎಟಿಎಂ ಸಾಲಿನಲ್ಲಿ ನನ್ನ ಮುಂದೆ ತಾಯಿ, ಮಗಳು ನಿಂತಿದ್ದರು. ಕಾರ್ಡು ತಾಯಿಯ ಮುಷ್ಟಿಯಲ್ಲಿತ್ತು.

“ಇದು ನಿಮ್ಮಪ್ಪ ಕೆಲ್ಸ ಮಾಡೋ ಬ್ಯಾಂಕು ಕಣೇ. ನನ್ನ ಕಾರ್ಡು ಇಲ್ಲಿ ಹೆಂಗೆ ನಡೆಯುತ್ತೆ?”

“ಈಗ ಎಲ್ಲಾ ಬ್ಯಾಂಕಿನ ಮಿಷನ್ನೂ ಸೇರಿಸಿದಾರೆ ಕಣಮ್ಮ.”

“ಸೇರಿಸ್ಬುಟ್ರಾ? ನಮ್ಮನ್ನ ಕೇಳ್ದೇನೇ?”

“ಮಿಷನ್ನು ಮಾತ್ರ. ಲೆಕ್ಕ ಬೇರೆಬೇರೆ.”

“ನನ್ನ ಲೆಕ್ಕ ಗೊತ್ತಿಲ್ದೆ ದುಡ್ಡು ಹೆಂಗೆ ಕೊಡುತ್ತೆ?”

“ನಿನ್ನ ಬ್ಯಾಂಕನ್ನ ಕೇಳಿ ಕೊಡುತ್ತೆ.”

“ನೋಡು ಮತ್ತೆ! ನಿನ್ನ ಕಾಲೇಜು ಫೀಸಿನ ದುಡ್ಡು ನಿಮ್ಮಪ್ಪಂಗೆ ಗೊತ್ತಾಗ್ಬಾರ್ದು ಅಂತ್ಲೇ ಬೇರೆ ಬ್ಯಾಂಕಲ್ಲಿ ಇಟ್ಟಿದ್ದು.”

ಮಗಳು ತಡವರಿಸಿದಳು. “ಮಿಷನ್ನಿಗೆ... ಅಪ್ಪ ಯಾರು ಅಂತ ಗೊತ್ತಿರಲ್ಲ ಅಲ್ವೇನಮ್ಮ?”

“ಮೇಲೆ ಕ್ಯಾಮೆರಾ ಇದೆ. ನಿನ್ನ ಮುಖ ನಿಮ್ಮಪ್ಪನದೇ ಅಚ್ಚು. ನಡಿ, ಆಟೋ ಹಿಡಿ.”

ಮಗಳು ದುಪಟ್ಟಾ ತಲೆಗೆ ಎಳೆದುಕೊಂಡೇ ಆಟೋ ಹತ್ತಿದಳು.