ಮುದ್ರೆಯಿಲ್ಲದ ಬಿಡುಗಡೆ ಪತ್ರ

ಡೇಗು ನಗರದ ವೀಸಾ ಕಚೇರಿಯಲ್ಲಿ ನನ್ನೆದುರು ಇಬ್ಬರು ವಿದೇಶಿ ಇಂಗ್ಲಿಷ್ ಟೀಚರುಗಳು ಸರದಿಗೆ ಕಾಯುತ್ತಿದ್ದರು. ಒಬ್ಬಳು ಕಾಗದವೊಂದನ್ನು ಮಡಿಸುತ್ತ ಬಿಚ್ಚುತ್ತ ಇದ್ದಳು.

“ಅಂತೂ ನಿಮ್ಮ ಸ್ಕೂಲಿನ ಡೈರೆಕ್ಟರ್ ನಿನ್ನನ್ನ ಬಿಟ್ಟುಕೊಟ್ಟನಲ್ಲೇ, ನೊಂಬುಸೊ.”

“ಹೂಂ ಕಣೇ ಓರ್ಲಾ. ಈ ಬಿಡುಗಡೆ ಪತ್ರ ಇವತ್ತು ಇಲ್ಲಿ ಕೊಟ್ರೆ ಹೊಸ ಸ್ಕೂಲು. ಇಲ್ಲಾಂದ್ರೆ ವೀಸಾ ಮುಗ್ದು ನಾಳೆ ದೇಶ ಬಿಡ್ಬೇಕು.”

“ತೋರ್ಸು. ಮುದ್ರೆ ಎಲ್ಲೇ?”

“ಇಷ್ಟುದ್ದ ಸಹಿ ಹಾಕಿದಾನಲ್ಲ.”

“ಇಲ್ಲಿ ಸಹಿನ ಯಾರು ಕೇಳ್ತಾರೆ? ಸ್ಕೂಲಿನ ಕೆಂಪು ಮುದ್ರೆ ಬೇಕು.”

“ಅದಕ್ಕೇ ನಗ್ತಾ ಕಾಫಿ ಕೊಟ್ಟ.”

“ವರ್ಷವೆಲ್ಲ ನೀರು ಕೊಡದವನು ಕಾಫಿ ಕೊಟ್ಟಾಗ್ಲೇ ಗೊತ್ತಾಗ್ಬೇಕಿತ್ತು.”

ನಮ್ಮಜ್ಜಿಯ ಕತೆಗಳ ನರಿಗಳೂ ಹೀಗೇ ಮೊದಲು ಉಪಚಾರ ಮಾಡುತ್ತಿದ್ದವು.

“ಆ ಮುದ್ರೆ ಮಕ್ಕಳ ಅಂಕಪಟ್ಟಿಗೆ ಮಾತ್ರ ಅಂದ್ಕೊಂಡಿದ್ದೆ. ಪ್ರತಿ ತಿಂಗಳೂ ನಾನೇ ಒತ್ತೋದು.”

“ಎಲ್ಲಿರುತ್ತೆ?”

“ಅವನ ಡ್ರಾಯರಲ್ಲಿ. ಬೀಗದಕೈ ವಾಪಸ್ ಕೇಳೋದನ್ನ ಮರೆತಿದಾನೆ.”

ಗೋಡೆಯ ಮೇಲೆ ನೊಂಬುಸೊಳ ನಂಬರು ಬೆಳಗಿತು. ಇಬ್ಬರೂ ಎದ್ದು, ಕೌಂಟರಿಗೆ ಬೆನ್ನು ಹಾಕಿ, ಬಾಗಿಲತ್ತ ಓಡಿದರು.