ಬೊಳ್ಳನ ಹತ್ತು ದಿನ

...ಅಲ್ಲ, ಅಲ್ಲ, ನೀವು ಆ ಬದಿಯಲ್ಲಿ ನಡೀರಿ ಬ್ಯಾರಿಗಳೇ, ಕೆರೆಯ ಬದಿಯಲ್ಲಿ. ನಾಯಿ ಈಚೆ ಇರಲಿ, ನಡುವೆ ನಾನಿರ್ತೇನೆ. ಇವ ಹುಲ್ಲಿನ ಇಬ್ಬನಿಯಲ್ಲಿ ಹೊರಳಿ ಮೈ ಕೊಡವಿ, ನೀವು ಉಟ್ಟ ಮುಂಡಿಗೆ ಒಂದು ಹನಿ ಹಾರಿತೋ, ಮುಗೀತು! ಮನೆಗೆ ಹೋಗಿ ನಿಮ್ಮ ಕ್ರಮದ ಪ್ರಕಾರ ಏಳು ಸರ್ತಿ ತೊಳೀಬೇಕು, ಅದರಲ್ಲಿ ಒಂದು ಸರ್ತಿ ಮಣ್ಣು ಹಾಕಿ. ಗೊತ್ತುಂಟು ಮಾರಾಯ್ರೆ, ಗೊತ್ತುಂಟು. ಉಮ್ಮರ್ ಬ್ಯಾರಿಗಳೇ, ಇಪ್ಪತ್ತು ವರ್ಷ ನಿಮ್ಮ ಅಂಗಡಿಯ ಎದುರಿನ ಶಾಲೆಯಲ್ಲಿ ಮಾಸ್ಟ್ರಾಗಿದ್ದು ಈ ಪದ್ಮಯ್ಯನಿಗೆ ಅಷ್ಟೂ ಗೊತ್ತಾಗದಿದ್ದರೆ ಹೇಗೆ?... ಯಾಕೆ ನಗ್ತೀರಿ? ನಗಿ, ನಗಿ. ಹತ್ತು ದಿನದಲ್ಲಿ ನಿಮ್ಮ ಮುಖದಲ್ಲಿ ನಗೆ ಕಂಡದ್ದು ಇವತ್ತೇ.

ಹತ್ತು ದಿನ! ಲೆಕ್ಕ ಸರಿ ಉಂಟಲ್ಲ? ಮೊನ್ನೆಯ ಆದಿತ್ಯವಾರ ಅಲ್ಲ, ಅದರ ಹಿಂದಿನ ಆದಿತ್ಯವಾರ ನಿಮ್ಮ ಮಗಳು ಮಾಜಿದಾ ಇವನಿಗೆ ರೊಟ್ಟಿಯ ತುಂಡು ಹಿಡಿದದ್ದು, ಇವ ರೊಟ್ಟಿಯೊಟ್ಟಿಗೆ ಕೈಗೂ ಬಾಯಿ ಹಾಕಿದ್ದು. ಆವತ್ತಿಗೆ ಒಂದು. ಇವತ್ತು ಮಂಗಳವಾರ, ಹತ್ತು. ಬೆಳ್ತಂಗಡಿಯ ಡಾಕ್ಟ್ರು ಎಂತ ಹೇಳಿದ್ದು? ನಾಯಿಯನ್ನು ಹತ್ತು ದಿನ ಕಣ್ಣೆದುರು ಇಟ್ಟುಕೊಳ್ಳಿ. ಹತ್ತು ದಿನ ಕಳೆದು ನಾಯಿ ಗಟ್ಟಿಯಾಗಿದ್ದರೆ ಮಗುವಿಗೆ ಇಂಜೆಕ್ಷನ್ ಬೇಡ. ನಾಯಿ ಸತ್ತರೆ ಮಾತ್ರ ಆ ಕ್ಷಣ ಮಂಗಳೂರಿಗೆ ಓಡಿ. ಅಷ್ಟೇ ಅಲ್ಲವಾ? ಈಗ ನೋಡಿ, ಕಣ್ಣು ತುಂಬ ನೋಡಿ! ಬಾಲ ಹೇಗೆ ಎತ್ತಿದ್ದಾನೆ ನೋಡಿ. ಗಟ್ಟಿ ಅಂದರೆ ಗಟ್ಟಿ!

ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ನೀವು ಮನಸ್ಸಿನಲ್ಲೇ ಹೇಳಿಕೊಳ್ತೀರಿ. ಹೇಳಿಕೊಳ್ಳಿ, ಬೇಸರ ಇಲ್ಲ. ನಮಗೆ ಮಕ್ಕಳಾಗಲಿಲ್ಲ, ಅಮ್ಮಣ್ಣಿ ಇವನನ್ನು ತೋಡಾರಿನ ನನ್ನ ತಂಗಿ ಮನೆಯಿಂದ ಸೆರಗಿನಲ್ಲಿ ಸುತ್ತಿ ತಂದಳು. ಬಸ್ಸಿನಲ್ಲಿ ಯಾರಿಗೂ ಕಾಣದ ಹಾಗೆ! ಮೂಡಬಿದ್ರೆ ದಾಟುವಾಗ ಇವ ಕುಂಯ್ ಅಂದ, ಕಂಡಕ್ಟ್ರು ತಿರುಗಿ ನೋಡಿದ, ಇವಳು ಕೆಮ್ಮಿದ್ದೇ ಕೆಮ್ಮಿದ್ದು... ನಿಮಗೆ ಹೇಳಿದ್ದೇನಲ್ಲ ಇದನ್ನು? ಶನಿವಾರವೂ ಹೇಳಿದೆನಾ? ಆದಿತ್ಯವಾರವೂ? ಆಯ್ತು, ಇನ್ನು ಹೇಳುವುದಿಲ್ಲ.

ಮೆಲ್ಲ, ಅಲ್ಲಿ ಕೇದಗೆಯ ಮುಳ್ಳು. ಈ ದಾರಿ ಎಷ್ಟು ಚಂದ ಅಲ್ಲವಾ ಬೆಳಗ್ಗೆ? ಆ ತಾವರೆ ಎಲೆಯ ಮೇಲೆ ಹಕ್ಕಿ ನಡೆಯುವುದು ನೋಡಿ, ನೆಲದ ಮೇಲೆ ನಡೆದ ಹಾಗೆ. ಗುರುವಾಯನಕೆರೆಯಲ್ಲೇ ಹುಟ್ಟಿ ಬೆಳೆದ ನೀವು ಒಂದು ದಿನವಾದರೂ ಈ ದಂಡೆಯ ಮೇಲೆ ಸುಮ್ಮನೆ ನಡೆದದ್ದುಂಟಾ? ಮಸೀದಿಯಿಂದ ಅಂಗಡಿ, ಅಂಗಡಿಯಿಂದ ಮಸೀದಿ. ಮಗಳಿಗೆ ನಾಯಿ ಕಚ್ಚಿದ ಮೇಲೆ ಅಪ್ಪನಿಗೆ ಕೆರೆ ಕಂಡಿತು! ತಮಾಷೆ, ತಮಾಷೆ. ಸಿಟ್ಟು ಮಾಡಬೇಡಿ.

ಮಾಜಿದಾಳ ಗಾಯ ಒಣಗಿತಲ್ಲ? ಹಾಂ... ನಿನ್ನೆ ಕ್ಲಾಸಿನಲ್ಲಿ ನಾನೂ ನೋಡಿದೆ. ಅದೇ ಕೈಯಲ್ಲಿ ಸ್ಲೇಟು ಹಿಡಿದು ಬಂದು "ಸಾರ್, ಬೊಳ್ಳನಿಗೆ ನನ್ನ ಮೇಲೆ ಕೋಪವಾ?" ಅಂತ ಕೇಳಿದಳು ಮಾರಾಯ್ರೆ. ಕೋಪ ಇಲ್ಲ ಮಗೂ ಅಂದೆ. ಬೇರೆ ಎಂತ ಹೇಳಲಿ?... ಇಲ್ಲ, ಕಣ್ಣಿಗೆ ಎಂತದೂ ಆಗಲಿಲ್ಲ. ಗಾಳಿಗೆ ಒಂದು ಚೂರು ಧೂಳು.

ಡಾಕ್ಟ್ರು ಕಾಯಲಿಕ್ಕೆ ಹೇಳಿದರೂ ಆವತ್ತೇ ನೀವು ಮಂಗಳೂರಿಗೆ ಹೊರಟಿದ್ದಿರಿ. ನಿಮ್ಮ ಮನೆಯವರು, ಬೀಯಮ್ಮ, ಮಗುವಿಗೆ ಹೊಸ ಲಂಗ ಕೂಡ ಹಾಕಿಸಿದ್ದರು. ನಾನೇ ಅಲ್ಲವಾ ಬಸ್ಸಿನ ಬಾಗಿಲಲ್ಲಿ ನಿಂತು ತಡೆದದ್ದು? ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ, ಏಳು ವರ್ಷದ ಮಗು, ಎಂತಕ್ಕೆ ಬ್ಯಾರಿಗಳೇ, ನನ್ನ ನಾಯಿಗೆ ಹುಚ್ಚು ಅಂತ ಯಾರು ಹೇಳಿದ್ದು, ಸತ್ತ ಅಮ್ಮಣ್ಣಿಯ ಮೇಲೆ ಆಣೆ... ಅಷ್ಟು ದೊಡ್ಡ ಮಾತು ಆಡಿದೆ. ಪೇಟೆಯೇ ನಿಂತು ನೋಡ್ತಿತ್ತು. ನೀವು ಮಗುವನ್ನು ಬಸ್ಸಿನಿಂದ ಇಳಿಸಿದಿರಿ. ಮಾಸ್ಟ್ರು ಹೇಳಿದ ಮೇಲೆ ಆಯ್ತು ಅಂದಿರಿ.

ಅಯ್ಯೋ! ಹೇ! ಬೊಳ್ಳ, ಬಾ ಇಲ್ಲಿ! ಸರಪಳಿ ಜಾರಿತು... ಇವನ ಹುಚ್ಚಾಟ ನೋಡಿ, ನೀರುಕೋಳಿಯ ಹಿಂದೆ... ಹೋ ಹೋ ಹೋ, ಹಾರಿಯೇ ಬಿಟ್ಟ! ನೋಡಿ ಬ್ಯಾರಿಗಳೇ, ನೋಡಿ! ಎದೆಮಟ್ಟ ನೀರು! ಈಜುತ್ತಾನೆ! ನೆಕ್ಕಿ ನೆಕ್ಕಿ ಕುಡೀತಾನೆ! ಹುಚ್ಚು ಹಿಡಿದ ನಾಯಿ ನೀರಿಗೆ ಇಳೀತದಾ? ನೀರು ಕಂಡರೆ ನಡುಗ್ತದೆ ಅಂತ ಡಾಕ್ಟ್ರೇ ಹೇಳಿದ್ದಲ್ಲವಾ? ಇದಕ್ಕಿಂತ ದೊಡ್ಡ ಸಾಕ್ಷಿ ಇನ್ನು ಯಾವುದು ಬೇಕು? ಆಯ್ತು, ಮುಗೀತು! ಹೋಗಿ ಬೀಯಮ್ಮನಿಗೆ ಹೇಳಿ, ಇವತ್ತು ತುಪ್ಪದ ಅನ್ನ ಮಾಡಲಿ. ಮಾಜಿದಾಳಿಗೆ...

ಯಾಕೆ ನಿಂತಿರಿ?

ಬನ್ನಿ, ಇನ್ನು ಅರ್ಧ ಸುತ್ತು ಉಂಟು. ಬನ್ನಿ ಮಾರಾಯ್ರೆ. ಎಂತ ನೋಡ್ತೀರಿ ಹಾಗೆ? ನಾಯಿ ಈಜುವುದನ್ನು ಕಂಡಿಲ್ಲವಾ?

ಓ... ಅದಾ? ಹೌದು, ಮೊದಲೆಲ್ಲ ಇವ ನೀರಿಗೆ ಹೆದರ್ತಿದ್ದ. ಹೌದು. ಅಮ್ಮಣ್ಣಿ ಮೀಯಿಸಲಿಕ್ಕೆ ಚೆಂಬು ಹಿಡಿದರೆ ಸಾಕು, ಓಡಿ ನಿಮ್ಮ ಅಂಗಡಿಯ ಬೆಂಚಿನ ಅಡಿಗೆ ಬಂದು ಮಲಗ್ತಿದ್ದ. ನೀವು ಕೋಲು ತೆಗೆದು, "ಅಮ್ಮಾ, ನಿಮ್ಮ ಮಗನನ್ನು ಕರ್ಕೊಂಡು ಹೋಗಿ, ನನಗೆ ಮುಟ್ಟಲಿಕ್ಕೆ ಆಗುವುದಿಲ್ಲ" ಅಂತ ಕೂಗ್ತಿದ್ದಿರಿ. ಎಂಟು ವರ್ಷ ಹಾಗೆಯೇ. ಕೆಸರು ದಾಟಲಿಕ್ಕೂ ಎತ್ತಿಕೊಳ್ಳಬೇಕಿತ್ತು... ಆದರೆ ಪ್ರಾಯ ಆದ ಹಾಗೆ ನಾಯಿಗೂ ಧೈರ್ಯ ಬರ್ತದೆ ಬ್ಯಾರಿಗಳೇ. ಬರುವುದಿಲ್ಲವಾ? ಮನುಷ್ಯರಿಗೆ ಬರುವುದಿಲ್ಲವಾ?



ನನ್ನನ್ನು ಯಾಕೆ ನೋಡ್ತೀರಿ, ನಾಯಿಯನ್ನು ನೋಡಿ. ಅದೇ ಬಿಳಿ ಬಣ್ಣ, ಅದೇ ಕಂದು ಕಿವಿ. ಅದೇ ನಾಯಿ. ನಾನು ಹೇಳ್ತೇನಲ್ಲ ಅದೇ ನಾಯಿ ಅಂತ! ನೀವು ಕೇಳಲಿಲ್ಲ. ಹೌದು, ನೀವು ಕೇಳಲೇ ಇಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯ್ತು ನನ್ನದು.

ಕೂತುಕೊಳ್ತೇನೆ.

ಬೊಳ್ಳ ಇಲ್ಲ ಬ್ಯಾರಿಗಳೇ.

ಗುರುವಾರ ಹೋದ. ಐದನೇ ದಿನ. ಆವತ್ತು ಬೆಳಗ್ಗೆ ನೀವು ಬಂದಾಗ ನಾನು ಬೇಲಿಯ ಹೊರಗೇ ನಿಲ್ಲಿಸಿ, ಮಲಗಿದ್ದಾನೆ, ಎಬ್ಬಿಸುವುದು ಬೇಡ ಅಂದೆನಲ್ಲ? ಮಲಗಿರಲಿಲ್ಲ. ಕಟ್ಟಿಗೆಯ ಸಂದಿಯಲ್ಲಿ ಅಡಗಿ ಕೂತಿದ್ದ. ಬಾಯಿ ಮುಚ್ಚಲಿಕ್ಕೆ ಆಗ್ತಿರಲಿಲ್ಲ, ಜೊಲ್ಲು ಹರೀತಿತ್ತು. ನನ್ನ ಗುರ್ತವೂ ಇರಲಿಲ್ಲ. ಸಂಜೆ ಬೆಳಕಿರುವಾಗಲೇ ಸತ್ತ. ಹಿತ್ತಿಲಲ್ಲಿ ನಾನೇ ಗುಂಡಿ ತೆಗೆದೆ.

ಮಾರನೇ ದಿನ ಶುಕ್ರವಾರ, ನೀವು ಬರಲಿಲ್ಲ. ಶಾಲೆಗೆ ಜ್ವರ ಅಂತ ಚೀಟಿ ಕಳಿಸಿ ತೋಡಾರಿಗೆ ಹೋದೆ. ಇವ ಬೊಳ್ಳನ ತಮ್ಮ, ಅದೇ ತಾಯಿಯ ಇನ್ನೊಂದು ಸೂಲಿನವ. ಗೋಣಿಯಲ್ಲಿ ಕಟ್ಟಿ ತಂದೆ. ಎರಡು ದಿನ ಅನ್ನದ ಉಂಡೆ ತೋರಿಸಿ ತೋರಿಸಿ ಬೊಳ್ಳ, ಬೊಳ್ಳ ಅಂತ ಹೆಸರು ಕಲಿಸಿದೆ. ಸುಳ್ಳು ಹೇಳಬಾರದು ಅಂತ ನಲವತ್ತು ಮಕ್ಕಳಿಂದ ಕಾಪಿ ಬರೆಸುವ ಮಾಸ್ಟ್ರು ನಾನು!

ಯಾಕೆ ಅಂತ ಕೇಳಿ. ಕೇಳುವುದಿಲ್ಲವಾ? ನಾನೇ ಹೇಳ್ತೇನೆ. ಆಣೆ ಹಾಕಿದ ಬಾಯಿಯಲ್ಲಿ ಹೇಗೆ ಹೇಳಲಿ ಅಂತ ನಾಚಿಕೆ, ಅದು ಉಂಟು. ಆದರೆ ಅದೊಂದೇ ಅಲ್ಲ. ಅಮ್ಮಣ್ಣಿ ಹೋಗಿ ಎರಡು ವರ್ಷ. ಶಾಲೆಯ ಗಂಟೆ ಹೊಡೆಯುವವರೆಗೆ ನನ್ನೊಟ್ಟಿಗೆ ಮಾತಾಡುವ ಒಂದು ಜನ ಇಲ್ಲ. ಮಾಜಿದಾಳಿಗೆ ಕಚ್ಚಿದ ಮೇಲೆ ನೀವು ಬಂದಿರಿ. ದಿನಾ ಬೆಳಗ್ಗೆ ಬೇಲಿಯ ಹತ್ತಿರ ಬಂದು "ಮಾಸ್ಟ್ರೇ, ಎದ್ದಿರಾ?" ಅಂತ ಕರೀತಿದ್ದಿರಿ. ಆ ಕರೆ ಕೇಳಲಿಕ್ಕೆ ನಾನು ಬೆಳಕು ಹರಿಯುವ ಮೊದಲೇ ಎದ್ದು ಕೂರ್ತಿದ್ದೆ. ನಾಯಿ ಸತ್ತಿತು ಅಂದರೆ ನೀವು ಮಂಗಳೂರಿಗೆ ಹೋಗ್ತೀರಿ, ಮತ್ತೆ ನನ್ನ ಬೇಲಿಗೆ ಬರುವುದಿಲ್ಲ. ಇನ್ನೊಂದು ಬೆಳಗ್ಗೆ, ಇನ್ನೊಂದೇ ಬೆಳಗ್ಗೆ ಅಂತ... ನಾಳೆ ಹೇಳುವ, ನಾಳೆ ಹೇಳುವ ಅಂತ... ಬೊಳ್ಳನಿಗೆ ಬೇರೆ ಏನೋ ಸೀಕು ಇದ್ದಿರಬಹುದು ಅಂತ ನನಗೆ ನಾನೇ ಪಾಠ ಮಾಡಿದೆ.

ಮಗುವಿನ ಜೀವದ ಮೇಲೆ ಕೂತು ಮಾತಾಡಿದೆ ನಾನು.

ಅದಾ? ನನ್ನ ಕೈಗೆ ಸುತ್ತಿದ ಬಟ್ಟೆಯಾ?... ಕತ್ತಿ ತಾಗಿದ್ದು. ಅಲ್ಲ... ಇನ್ನು ಸುಳ್ಳು ಯಾಕೆ. ಗುರುವಾರ ಅವನ ಬಾಯಿಗೆ ಗಂಜಿ ಹಾಕಲಿಕ್ಕೆ ಹೋದೆ, ಹಲ್ಲು ತಾಗಿತು. ನನ್ನದು ಬಿಡಿ. ನನ್ನದಕ್ಕೆ ಕಾಯುವವರಿಲ್ಲ.

ಬ್ಯಾರಿಗಳೇ, ಹೊತ್ತು ಇನ್ನೂ ಮೀರಲಿಲ್ಲ. ಇದು ಒಮ್ಮೆಗೇ ಏರುವ ವಿಷ ಅಲ್ಲ, ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ತೆಗೆದುಕೊಳ್ತದೆ ಅಂತ ಡಾಕ್ಟ್ರೇ ಹೇಳಿದ್ದು. ಎಂಟು ಗಂಟೆಯ ಬಸ್ಸು ಉಂಟು. ಮಗುವನ್ನು ಎತ್ತಿಕೊಂಡು ಹಾಗೆಯೇ ಹೊರಡಿ, ಹೊಸ ಲಂಗ ಎಲ್ಲ ಬೇಡ. ಅಲ್ಲಿ ಕೇಳಿದರೆ ಸರಿಯಾಗಿ ಹೇಳಿ: ನಾಯಿ ಐದನೇ ದಿನ ಸತ್ತಿದೆ, ಬಾಯಿ ತೆರೆದುಕೊಂಡೇ ಸತ್ತಿದೆ. ಇಷ್ಟು ದಿನ ಯಾಕೆ ಬರಲಿಲ್ಲ ಅಂತ ಬೈದರೆ ನನ್ನ ಹೆಸರು ಹೇಳಿ. ಪದ್ಮಯ್ಯ ಮಾಸ್ಟ್ರು ಮೋಸ ಮಾಡಿದರು ಅಂತ ಹೇಳಿ.

ಹೊರಟಿರಾ? ಹಾಂ, ಹೋಗಿ. ಆ ಕಡೆಯಿಂದ ಹೋಗಿ, ಗದ್ದೆಯ ಬದುವಿನ ಮೇಲೆ, ಹತ್ತಿರ ಆಗ್ತದೆ.

ಬ್ಯಾರಿಗಳೇ! ಒಂದು ಮಾತು... ಬೈದಾದರೂ ಹೋಗಿ... ಒಮ್ಮೆ ತಿರುಗಿ...

ಬೇಡ! ನಿಲ್ಲಬೇಡಿ! ನನಗೋಸ್ಕರ ನಿಲ್ಲಬೇಡಿ ಮಾರಾಯ್ರೆ, ಬಸ್ಸು ತಪ್ಪೀತು, ಓಡಿ!