ರೇಷ್ಮೆಗೂಡಿನಂಥ ಚೆಂಡು

‘ಒಂದು ಮೂಳೆ ಮುರಿದರೂ ಆಟ ಬಿಟ್ಟುಬಿಡುತ್ತೇನೆ’ ಎಂದು ಮಮತಾ ತಂಡ ಸೇರುವ ದಿನ ಅಪ್ಪನಿಗೆ ಮಾತು ಕೊಟ್ಟಿದ್ದಳಂತೆ. ರಾಮನಗರದಲ್ಲಿ ಮೂಳೆ ಕಟ್ಟುವವರ ಮನೆಯ ಜಗಲಿಯ ಮೇಲೆ, ಉಳುಕಿದ ಕಾಲು ನೀವಿಕೊಳ್ಳುತ್ತ ಸರದಿಗೆ ಕಾಯುತ್ತಿದ್ದ ಪ್ರತಿಮಾಳ ಕಿವಿಗೆ, ಪಕ್ಕದಲ್ಲಿ ಕೂತಿದ್ದ ಆ ಅಪ್ಪ ಮಗಳ ಮಾತಿನಿಂದ ಅದು ಬಿತ್ತು.

“ಈಗ ಬೆರಳು ಮುರ್ಕೊಂಡು ಬಂದಿದ್ದೀಯ. ಕೊಟ್ಟ ಮಾತು ನೆಪ್ಪೈತಾ?” ರೇಷ್ಮೆ ನೂಲು ತೆಗೆಯುವ ಅಪ್ಪ ನರಸಯ್ಯ ಕೇಳಿದರು.

“ಐತೆ ಕಣಪ್ಪ. ಭಾನುವಾರ ಫೈನಲ್ಲೂ ಐತೆ.”

“ಅಮೆರಿಕನ್ ಫುಟ್‌ಬಾಲಂತೆ! ರೇಷ್ಮೆಗೂಡಿನಂಗಿರೋ ಚೆಂಡಿನ ಹಿಂದೆ ಓಡೋಕೆ ಸಂಬಳ ಬ್ಯಾರೆ.”

“ವೈಡ್ ರಿಸೀವರ್ ಅಂದ್ರೆ ಸುಮ್ನೆ ಓಡೋದಲ್ಲ. ದೂರದಿಂದ ಎಸೆದಿದ್ದನ್ನ ಓಡ್ತಾ ಓಡ್ತಾ ಹಿಡೀಬೇಕು.”

“ಇನ್ನೊಂದು ಏಟು ಬಿದ್ರೆ ಬೆರಳೇ ಹೋಯ್ತದೆ.”

“ಕುದಿಯೋ ನೀರಲ್ಲಿ ಗೂಡು ತಡಕಿ ತಡಕಿ ನಿನ್ ಬೆರಳೆಲ್ಲ ಬೆಂದೋಗವೆ. ನೀನ್ಯಾಕೆ ಬುಡ್ಲಿಲ್ಲ?”

“ನಂಗೆ ಬ್ಯಾರೆ ಕೆಲ್ಸ ಬರಾಕಿಲ್ಲ ಕಣವ್ವ.”

“ನಂಗೆ ಬತ್ತದೆ. ಆದ್ರೂ ಬ್ಯಾಡ.”

ನರಸಯ್ಯ ತಮ್ಮ ಸುಕ್ಕುಗಟ್ಟಿದ ಬೆರಳುಗಳನ್ನು ನೋಡಿಕೊಂಡರು. ಒಳಗಿನಿಂದ ಕರೆ ಬಂದಾಗ ಎದ್ದು ನಿಂತು ಕೂಗಿ ಹೇಳಿದರು:

“ಸ್ವಾಮಿ, ಒಸಿ ಬಿಗಿಯಾಗೇ ಕಟ್ಟಿ. ಮಿಕ್ಕ ಬೆರಳು ಮಾತ್ರ ಆಡಂಗಿರ್ಲಿ. ಭಾನುವಾರ ಮ್ಯಾಚೈತೆ.”

ಅಪ್ಪ ಮಗಳು ಒಳಗೆ ಹೋದರು. ಮೂಳೆ ಮುರಿದರೆ ಆಟ ಬಿಡುವ ಮಾತನ್ನು ಮಮತಾ ಉಳಿಸಿಕೊಳ್ಳಲಿಲ್ಲ.